ಅತ್ತೆಯ ಎಡ ಹುಬ್ಬು

ಆ ಮನೆಯಲ್ಲಿ ಬಾಯಿ ಇದ್ದವರು ಐದು ಜನ. ಮಾತು ನಡೆಯುತ್ತಿದ್ದದ್ದು ಮಾತ್ರ ಒಂದು ಹುಬ್ಬಿನದು. ಅದು ಅತ್ತೆಯದು, ಅದರಲ್ಲೂ ಎಡಗಡೆಯದು.

ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಮನೆ, ನಡುವೆ ಕಬ್ಬಿಣದ ಮೆಟ್ಟಿಲು. ಬೆಳಿಗ್ಗೆ ಅತ್ತೆ ಆ ಮೆಟ್ಟಿಲು ಇಳಿದು ಕೌಂಟರಿನ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಕೂತರೆಂದರೆ ಅಂಗಡಿ ತೆರೆಯಿತು ಅಂತ ಲೆಕ್ಕ. ಷಟರ್ ಎತ್ತುವುದು ಆಮೇಲಿನ ಮಾತು. ಪಾಸ್‌ಪೋರ್ಟ್ ಫೋಟೋಗೆಂದು ಬಂದ ಮಗು ಸೂರು ಹಾರುವಂತೆ ಅಳುತ್ತಿದ್ದರೆ, ಅದರ ಅಪ್ಪ ಅಮ್ಮ ಚಪ್ಪಾಳೆ ತಟ್ಟಿ, ಗಿಲಕಿ ಅಲ್ಲಾಡಿಸಿ, ಕೋತಿಗಳ ಹಾಗೆ ಕುಣಿದು ಸುಸ್ತಾಗುವವರೆಗೆ ಅತ್ತೆ ಸುಮ್ಮನಿರುತ್ತಿದ್ದರು. ಆಮೇಲೆ ಕೂತಲ್ಲಿಂದಲೇ ಎಡ ಹುಬ್ಬನ್ನು ಚಕ್ಕನೆ ಒಂದು ಕೂದಲೆಳೆಯಷ್ಟು ಎತ್ತುತ್ತಿದ್ದರು. ಮಗು ತೆರೆದ ಬಾಯಿ ಮುಚ್ಚಿ ನೆಟ್ಟಗೆ ಕೂರುತ್ತಿತ್ತು. ಅಪ್ಪ ಅಮ್ಮನೂ ಕೂರುತ್ತಿದ್ದರು. ಕ್ಲಿಕ್.

ಇದು ಕಸುಬಿನಿಂದ ಬಂದ ವಿದ್ಯೆ. ಮಾವ ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ಗಿರಾಕಿಯ ಎದುರೇ ಗಿರಾಕಿಯ ಬಗ್ಗೆ ಮಾತಾಡುವುದು ಹೇಗೆ? ಅತ್ತೆ ಗಿರಾಕಿಯ ಬೆನ್ನ ಹಿಂದೆ ನಿಂತು ಹುಬ್ಬಿನಲ್ಲೇ ಹೇಳುತ್ತಿದ್ದರು. ಎಡದ್ದು ನಿಧಾನಕ್ಕೆ ಎದ್ದರೆ 'ಆಗಲಿ, ಆರಾಮಾಗಿ ಮಾಡಿ, ದೊಡ್ಡ ಸೈಜಿನ ಪ್ರಿಂಟು ಕೊಳ್ಳೋ ಜನ' ಅಂತ. ಎರಡರ ನಡುವೆ ಗಂಟು ಬಿದ್ದರೆ 'ಬೇಡ' ಅಂತ. ಎರಡೂ ತಟಕ್ಕನೆ ಹಾರಿದರೆ 'ಮೈಮೇಲೆ ಎಚ್ಚರ ಇರಲಿ' ಅಂತ. ಮಾವನ ಕಿವಿ ಮಂದವಾಗುತ್ತ ಬಂದಂತೆ ಈ ಭಾಷೆ ಮೆಟ್ಟಿಲು ಹತ್ತಿ ಊಟದ ಮೇಜಿಗೂ ಬಂತು. ಕಿವಿಗೆಂದು ತಂದ ಮಷೀನು ಕುಂಯ್ ಅನ್ನುತ್ತದೆ ಎಂದು ಮಾವ ಅದನ್ನು ಡಬ್ಬಿಯಿಂದ ಹೊರಗೆ ತೆಗೆಯುತ್ತಿರಲಿಲ್ಲ. ಹೆಂಡತಿಯ ಹಣೆ ಎದುರಿಗಿರುವಾಗ ಮಷೀನು ಯಾಕೆ ಬೇಕು? ಮಾವ ಒಂದು ಜೋಕು ಹೇಳಿ ಆ ಹಣೆಯತ್ತ ನೋಡುತ್ತಿದ್ದರು. ಹುಬ್ಬು ಕುಣಿದರೆ ತಾವೂ ನಗುತ್ತಿದ್ದರು, ಕುಣಿಯದಿದ್ದರೆ ಅದೇ ಜೋಕನ್ನು ಸ್ವಲ್ಪ ರಿಪೇರಿ ಮಾಡಿ ಇನ್ನೊಮ್ಮೆ ಹೇಳುತ್ತಿದ್ದರು.

ಈ ಹುಬ್ಬಿನ ಕೆಳಗೆ ವರ್ಷಗಟ್ಟಲೆ ಬಾಳಿದವಳು ಸೊಸೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಕ್ಯಾಂಟೀನಿನ ಮಿಕ್ಸಿಯವರೆಗೆ ಎಲ್ಲವನ್ನೂ ಅನುಕರಿಸಿ ತೋರಿಸುತ್ತಿದ್ದವಳು ಈ ಮನೆಗೆ ಬಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಟಚಿಂಗ್ ಅವಳ ಕೆಲಸ. ಕಂಡಕಂಡವರ ಗುಳ್ಳೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ ಎಲ್ಲವನ್ನೂ ಅಳಿಸಬೇಕು. ಆದರೆ ಅವಳ ಜೀವ ಇದ್ದದ್ದು ಮುಂದಿನ ಕೋಣೆಯ ಕ್ಯಾಮೆರಾದಲ್ಲಿ. ಬೆಳಕು ಎಲ್ಲಿಂದ ಬಿದ್ದರೆ ಮುಖ ಮಾತಾಡುತ್ತದೆ ಎಂದು ಮಾವನೇ ಬಿಡುವಿನ ಮಧ್ಯಾಹ್ನಗಳಲ್ಲಿ ಅವಳಿಗೆ ಕಲಿಸಿದ್ದರು. ಅತ್ತೆ ಮಾತ್ರ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಕ್ಯಾಮೆರಾ ಮಗನದು. ಮಗನ ಕೈಯಲ್ಲಿ ಅದು ಇದ್ದಷ್ಟು ಹೊತ್ತೂ ಗಿರಾಕಿಗಳು ದಂತವೈದ್ಯರ ಕುರ್ಚಿಯಲ್ಲಿ ಕೂತವರಂತೆ ಕಾಣುತ್ತಿದ್ದರು ಅನ್ನುವುದು ಬೇರೆ ವಿಷಯ.

ಒಂದು ದಿನ ಗಂಡನಿಗೆ ಜ್ವರ ಬಂತು. ಅತ್ತೆ ಬ್ಯಾಂಕಿಗೆ ಹೋಗಿದ್ದರು. ಆಗಲೇ ಕೆಲಸದಿಂದ ನಿವೃತ್ತನಾದ ಒಬ್ಬ ಬಸ್ ಡ್ರೈವರು ಹೆಂಡತಿ, ಮಕ್ಕಳು, ಮೊಮ್ಮಕ್ಕಳನ್ನೆಲ್ಲ ತುಂಬಿಕೊಂಡು ಬಂದ. ಸೊಸೆ ಕ್ಯಾಮೆರಾ ಎತ್ತಿಕೊಂಡಳು. ಬಸ್ಸಿನ ಬ್ರೇಕು, ಹಾರ್ನು, ಕಂಡಕ್ಟರನ ಸೀಟಿ ಎಲ್ಲವನ್ನೂ ಬಾಯಲ್ಲೇ ಮಾಡಿದಳು. ಇಡೀ ಸಂಸಾರ ಡ್ರೈವರನ ಕಡೆ ತಿರುಗಿ ಹೊಟ್ಟೆ ಹಿಡಿದು ನಕ್ಕಿತು, ಅವನೊಬ್ಬ ನಾಚಿಕೊಂಡು ನೆಟ್ಟಗೆ ನೋಡಿದ. ಆ ಕ್ಷಣಕ್ಕೆ ಗುಂಡಿ ಒತ್ತಿದಳು.

ಪ್ರಿಂಟು ಒಯ್ಯಲು ಬಂದ ದಿನ ಡ್ರೈವರು ಅದನ್ನು ನೋಡಿ ಕಣ್ಣು ಒರೆಸಿಕೊಂಡ. ಇದನ್ನು ತೆಗೆದವರು ಯಾರು, ನನ್ನ ಚಿಕ್ಕ ಮಗಳ ಮದುವೆಗೂ ಅವರೇ ಬರಬೇಕು ಅಂದ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಎಡ ಹುಬ್ಬು ಚಕ್ಕನೆ ಎದ್ದಿತು. ಅವಳ ಬಾಯಿ ತಾನೇ ಮುಚ್ಚಿಕೊಂಡಿತು.

"ನನ್ನ ಮಗ ತೆಗೆದದ್ದು," ಅಂದರು ಅತ್ತೆ. "ಇವಳು ಒಳಗೆ ಗುಳ್ಳೆ ಅಳಿಸೋಳು."

ಗಂಡ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಡ್ರೈವರು ಅವನ ಕೈ ಹಿಡಿದು ಕುಲುಕಿದ. ಅವನೂ ಕುಲುಕಿಸಿಕೊಂಡ. ಆ ಚಿತ್ರ ದೊಡ್ಡದಾಗಿ ಅಂಗಡಿಯ ಗಾಜಿನೊಳಗೆ ಬಂದು ಕೂತಿತು, ಕೆಳಗೆ ಗಂಡನ ಹೆಸರಿನೊಂದಿಗೆ.

"ನೀವ್ಯಾಕೆ ಸುಮ್ಮನಿದ್ರಿ?" ಅಂತ ಸೊಸೆ ಸಂಜೆ ಗಂಡನನ್ನು ಕೇಳಿದಳು.

"ಜ್ವರ ಇತ್ತಲ್ಲ."

"ಬಾಯಿಗೂ ಬಂದಿತ್ತಾ?"

ಅವನು ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದ. ಸೊಸೆ ಪಾತ್ರೆ ತೊಳೆಯುತ್ತ ಒಂದು ತೀರ್ಮಾನಕ್ಕೆ ಬಂದಳು. ಅತ್ತೆಯ ಜೊತೆ ಜಗಳ ಆಡಿ ಗೆದ್ದವರಿಲ್ಲ, ಯಾಕೆಂದರೆ ಅತ್ತೆ ಜಗಳವನ್ನೇ ಆಡುವುದಿಲ್ಲ, ಹುಬ್ಬು ಎತ್ತುತ್ತಾರೆ. ಹಾಗಿದ್ದರೆ ಆ ಹುಬ್ಬನ್ನೇ ಇಳಿಸಬೇಕು.

ದಾರಿ ತಾನಾಗಿಯೇ ಅಂಗಡಿಗೆ ನಡೆದುಕೊಂಡು ಬಂತು. ಎದುರು ಬೀದಿಯ ಚರ್ಮದ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಫೋಟೋಗಳನ್ನು ಪ್ರಿಂಟ್ ಹಾಕಿಸಲು ಇಲ್ಲಿಗೇ ಕೊಡುತ್ತಿದ್ದರು. ಸುಕ್ಕಿನ ಇಂಜೆಕ್ಷನ್ನಿಗೆ ಮುಂಚೆ ತೆಗೆದದ್ದು, ನಂತರ ತೆಗೆದದ್ದು. ಪ್ರತಿ ಸಲವೂ ಸುಮ್ಮನೆ ಕೂತದ್ದು, ಹುಬ್ಬು ಗಂಟಿಕ್ಕಿದ್ದು, ಹುಬ್ಬು ಎತ್ತಿದ್ದು ಹೀಗೆ. ಸೊಸೆ ಎಷ್ಟೋ ಸಲ ಅವನ್ನು ಕತ್ತರಿಸಿ ಕವರಿಗೆ ಹಾಕಿದ್ದಳು. ಈಗ ಕಣ್ಣಿಟ್ಟು ನೋಡಿದರೆ, ನಂತರದ ಫೋಟೋಗಳು ಎಲ್ಲವೂ ಒಂದೇ. ಡಾಕ್ಟರಮ್ಮನನ್ನು ಕೇಳಿದಳು: ಇವರಿಗೆ ಗಂಟಿಕ್ಕಿ ಅಂತ ಹೇಳೋದು ಮರೆತ್ರಾ?

ಡಾಕ್ಟರಮ್ಮ ನಕ್ಕರು. ಹೇಳಿದ್ದಾರೆ, ಅವರೂ ಶಕ್ತಿಯೆಲ್ಲ ಹಾಕಿ ಗಂಟಿಕ್ಕಿದ್ದಾರೆ, ಆದರೆ ಹಣೆಯ ಮಾಂಸಖಂಡ ಮಾತು ಕೇಳುವುದಿಲ್ಲ. ಮೂರು ನಾಲ್ಕು ತಿಂಗಳು ಅದಕ್ಕೆ ರಜೆ. ಬೊಟುಲಿನಂ ಅಂತ, ಮೂಲದಲ್ಲಿ ಅದು ವಿಷವೇ, ತೀರಾ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಔಷಧಿ.

ಅತ್ತೆಗೆ ವಿಷ ಹಾಕಿದ ಸೊಸೆಯರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅವೆಲ್ಲ ಜೈಲಿನಲ್ಲಿ ಮುಗಿಯುತ್ತವೆ. ಡಾಕ್ಟರೇ ಕೈಗವಸು ತೊಟ್ಟು, ಅತ್ತೆಯ ಸಹಿ ಪಡೆದು, ರಸೀದಿ ಕೊಟ್ಟು ವಿಷ ಹಾಕುತ್ತಾರೆ ಅನ್ನುವುದು ಸೊಸೆಗೆ ಅವತ್ತೇ ಗೊತ್ತಾದದ್ದು. ಅವಳು ಆ ರಾತ್ರಿ ಊಟಕ್ಕೆ ಇನ್ನೊಂದು ಸಲ ಅನ್ನ ಬಡಿಸಿಕೊಂಡಳು.

ಸ್ಟುಡಿಯೋಗೆ ನಲವತ್ತು ತುಂಬುತ್ತಿತ್ತು. ಗಾಜಿನೊಳಗೆ ಯಜಮಾನಿಯದೇ ಒಂದು ಭಾವಚಿತ್ರ ಇರಲಿ ಎಂದು ಸೊಸೆ ಸೂಚಿಸಿದಳು. ಅತ್ತೆ ಒಪ್ಪಿದರು, ಮಗ ತೆಗೆದ. ಟಚಿಂಗ್ ಸೊಸೆಯ ಪಾಲಿಗೆ ಬಂತು. ಬೇರೆಯವರ ಮುಖದಲ್ಲಿ ಗೆರೆ ಅಳಿಸುತ್ತಿದ್ದವಳು ಈ ಮುಖದಲ್ಲಿ ಗೆರೆ ಕೊರೆದಳು. ಹಣೆಯ ಒಂದೊಂದು ಸುಕ್ಕಿಗೂ ನೆರಳು ಕೊಟ್ಟಳು, ಹುಬ್ಬಿನ ನಡುವಿನ ಗೀರನ್ನು ಉಳುಮೆ ಮಾಡಿದಂತೆ ಆಳ ಮಾಡಿದಳು. ಹಣೆಬರಹವನ್ನು ಯಾರೂ ಓದಲಾರರು ಅನ್ನುತ್ತಾರೆ. ಇದನ್ನು ಬೀದಿಯ ಆ ಕಡೆಯಿಂದ ಕನ್ನಡಕವಿಲ್ಲದೆ ಓದಬಹುದಿತ್ತು. ಎಂಟನೇ ಕ್ಲಾಸಿನ ಮಗಳು ಹಿಂದೆ ನಿಂತು ನೋಡುತ್ತಿದ್ದಳು. ಹೇಳಬಾರದ ಹೊತ್ತಿನಲ್ಲಿ ಹೇಳಬಾರದ್ದನ್ನು ಥಟ್ಟನೆ ಹೇಳಿಬಿಡುವ ಅವಳಿಗೆ ಮನೆಯಲ್ಲಿ ಫ್ಲ್ಯಾಶು ಅಂತಲೇ ಹೆಸರು.

"ಅಮ್ಮ, ಅಜ್ಜಿಗೆ ಇಷ್ಟು ಗೆರೆ ಇಲ್ವಲ್ಲ?"

"ಅಜ್ಜಿಗೆ ಶಾರ್ಪಾಗಿ ಬೇಕಂತೆ ಕಣೇ."

ಚಿತ್ರ ಗಾಜಿನೊಳಗೆ ಬಂದ ದಿನದಿಂದ ಬೀದಿ ಬಾಯಿ ಬಿಟ್ಟಿತು. ಔಷಧಿ ಅಂಗಡಿಯವನು ಅಯ್ಯೋ ಹುಷಾರಿರಲಿಲ್ವಾ ಅಮ್ಮಾ ಅಂದ. ಬೇಕರಿಯ ಹೆಂಗಸು ನೀವೂ ನಮ್ಮಮ್ಮನ ವಯಸ್ಸಿನವರೇ ಅಲ್ವಾ ಅಂದಳು. ಅವಳಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅತ್ತೆ ಗಾಜಿನ ಹೊರಗೆ ನಿಂತು ತಮ್ಮನ್ನು ತಾವು ಬಹಳ ಹೊತ್ತು ನೋಡಿದರು. ಟಚಿಂಗ್ ಮಾಡಿಲ್ವಾ ಅಂತ ಸೊಸೆಯನ್ನು ಕೇಳಿದರು. ಮಾಡಿದ್ದೀನಿ ಅತ್ತೆ, ಮಾಡಿದ ಮೇಲೂ ಹೀಗೆ, ಈಗಿನ ಕ್ಯಾಮೆರಾ ಯಾರ ಮುಲಾಜೂ ನೋಡಲ್ಲ ಎಂದು ಸೊಸೆ ತಲೆ ತಗ್ಗಿಸಿ ಹೇಳಿದಳು. ಡಾಕ್ಟರಮ್ಮನ 'ನಂತರ'ದ ಫೋಟೋಗಳನ್ನು ಅವತ್ತು ಕೌಂಟರಿನ ಮೇಲೆ, ಸ್ಟೂಲಿನ ಎದುರಿಗೇ ಒಣಗಲು ಹರಡಿದ್ದಳು. ಈಗಿನ ಪ್ರಿಂಟುಗಳನ್ನು ಒಣಗಿಸಬೇಕಾಗಿಲ್ಲ ಎನ್ನುವುದು ಅತ್ತೆಗೆ ಹೊಳೆಯಲಿಲ್ಲ. ಅವರ ಕಣ್ಣು ಆ ನುಣುಪು ಹಣೆಗಳ ಮೇಲಿತ್ತು.

ಕ್ಲಿನಿಕ್ಕಿಗೆ ಸೊಸೆಯೇ ಜೊತೆಗೆ ಹೋದಳು. ಡಾಕ್ಟರಮ್ಮ ಕನ್ನಡಿ ಹಿಡಿದು ಎಲ್ಲ ವಿವರಿಸಿದರು. ಹಣೆಯಲ್ಲಿ ಸ್ವಲ್ಪ ಚಲನೆ ಉಳಿಸೋಣ, ಪೂರ್ತಿ ನಿಲ್ಲಿಸಿದರೆ ಹುಬ್ಬು ಎತ್ತೋಕಾಗಲ್ಲ, ಭಾರ ಅನಿಸುತ್ತೆ ಅಂದರು. ಇಷ್ಟು ಸ್ಪಷ್ಟವಾಗಿ ಹೇಳಿಬಿಟ್ಟರಲ್ಲ ಎಂದು ಸೊಸೆ ಅತ್ತೆಯ ಮುಖ ನೋಡಿದಳು. ಆದರೆ ಅತ್ತೆ ಅರ್ಧ ಕೆಲಸ ಮಾಡಿ ಪೂರ್ತಿ ಬಿಲ್ ಹಾಕುವವರನ್ನು ಜೀವಮಾನವಿಡೀ ಕಂಡವರು. ಸ್ವಲ್ಪ ಉಳಿಸೋಣ ಅನ್ನುವ ಮಾತು ಅವರ ಕಿವಿಗೆ ವ್ಯಾಪಾರಿಯ ಮಾತಾಗಿಯೇ ಕೇಳಿತು.

"ನೋಡಿ ಡಾಕ್ಟ್ರೇ, ನಮ್ಮ ಅಂಗಡೀಲಿ ನಾವು ಅರ್ಧ ಮುಖದ ಫೋಟೋ ಕೊಡಲ್ಲ. ನೀವೂ ಪೂರ್ತಿ ಹಾಕಿ," ಅಂದರು ಅತ್ತೆ.

ಡಾಕ್ಟರಮ್ಮ ಮತ್ತೊಮ್ಮೆ ಕೇಳಿದರು. ಅತ್ತೆ ಅವರಿಗೂ ಎಡ ಹುಬ್ಬು ಎತ್ತಿದರು. ಡಾಕ್ಟರಮ್ಮ ಸಿರಿಂಜು ಎತ್ತಿಕೊಂಡರು.

ಮೊದಲ ಎರಡು ದಿನ ಏನೂ ಆಗಲಿಲ್ಲ, ದುಡ್ಡು ದಂಡ ಎಂದು ಅತ್ತೆ ಗೊಣಗಿದರು. ವಾರ ಕಳೆಯುವಷ್ಟರಲ್ಲಿ ಹಣೆ ಇಸ್ತ್ರಿ ಹಾಕಿದ ದುಪ್ಪಟಿಯಂತಾಯಿತು. ಬೀದಿ ಹೊಗಳಿತು. ಅತ್ತೆ ಗಾಜಿನಲ್ಲಿ ತಮ್ಮ ಪ್ರತಿಬಿಂಬ ನೋಡಿಕೊಂಡು ಸ್ಟೂಲು ಹತ್ತಿದರು. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಗೆ ಒಂದು ಮಗು ಬಂತು, ಅಳತೊಡಗಿತು. ಅತ್ತೆ ಹುಬ್ಬು ಎತ್ತಿದರು. ಅಂದರೆ, ಎತ್ತಿದೆನೆಂದುಕೊಂಡರು. ಮಗು ಆ ಶಾಂತ ಮುಖವನ್ನು ಒಂದು ಗಳಿಗೆ ನೋಡಿ, ಇಲ್ಲಿ ತಡೆಯುವವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ಏರಿಸಿತು. ಅತ್ತೆ ಮತ್ತೆ ಎತ್ತಿದರು. ಮಗು ಬಂದು ಅವರ ಸೆರಗು ಎಳೆಯಿತು.

ಮನೆಯಲ್ಲೂ ಸುದ್ದಿ ಹಬ್ಬಿತು. ಗಂಡ ಊಟದ ಮೇಜಿಗೆ ಮೊಬೈಲು ತಂದ. ಫ್ಲ್ಯಾಶು ಬೇಯಿಸಿದ ಕ್ಯಾರೆಟ್ಟನ್ನು ತಟ್ಟೆಯ ಅಂಚಿಗೆ ಸರಿಸಿ ಅಜ್ಜಿಯ ಮುಖ ನೋಡಿದಳು, ಅಜ್ಜಿಯ ಮುಖ ಆಶೀರ್ವಾದ ಮಾಡುವಂತಿತ್ತು, ಮುಂದಿನ ದಿನದಿಂದ ಬೀನ್ಸೂ ಅಂಚಿಗೆ ಹೋಯಿತು. ಅತ್ತೆ ಬಾಯಿಬಿಟ್ಟು ಬೈದು ನೋಡಿದರು. ಅಭ್ಯಾಸವಿಲ್ಲದ ಬಾಯಿ, ಬೈಗುಳ ಅರ್ಧಕ್ಕೆ ಬರುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಕೈತೊಳೆಯಲು ಎದ್ದಿರುತ್ತಿದ್ದರು. ಅದೂ ಸಾಲದ್ದಕ್ಕೆ, ಆ ಪ್ರಸನ್ನ ಹಣೆಯ ಕೆಳಗಿನಿಂದ ಬರುವ ಬೈಗುಳ ತಮಾಷೆಯಂತೆ ಕೇಳುತ್ತಿತ್ತು.

ಸೊಸೆ ಕಾಯುತ್ತಿದ್ದದ್ದು ಇದಕ್ಕೇ. ಒಂದು ಬೆಳಿಗ್ಗೆ ಗಿರಾಕಿಗಳ ಎದುರೇ ಗಂಡನ ಕೊರಳಿಂದ ಕ್ಯಾಮೆರಾ ಬಿಡಿಸಿ ತನ್ನ ಕೊರಳಿಗೆ ಹಾಕಿಕೊಂಡಳು. ಗಂಡ ಅಮ್ಮನ ಮುಖ ನೋಡಿದ. ಅಲ್ಲಿ ಅಡ್ಡಿಯೇನೂ ಕಾಣಲಿಲ್ಲ. ಸೊಸೆ ಅಳುವ ಮಗುವಿನ ಎದುರು ಬೆಕ್ಕಾದಳು, ಕುಕ್ಕರ್ ಆದಳು, ಕೆಟ್ಟು ನಿಂತ ಆಟೋ ಆದಳು. ಮಗು ನಕ್ಕಿತು. ಆ ವಾರವೆಲ್ಲ ಅವಳೇ ತೆಗೆದಳು. ಅತ್ತೆ ಸ್ಟೂಲಿನ ಮೇಲೆ ಕೂತೇ ಇದ್ದರು, ಕೌಂಟರಿನ ಮೇಲಿಟ್ಟ ಬೊಂಬೆಯ ಹಾಗೆ. ಹಿಂದಿನ ಕೋಣೆಯಲ್ಲಿ ಸೊಸೆ ಮಗಳಿಗೆ ಅತ್ತೆಯ ಹಳೆಯ ಎಡ ಹುಬ್ಬನ್ನು ಎತ್ತಿ ತೋರಿಸುತ್ತಿದ್ದಳು, ಆಮೇಲೆ ಈಗಿನದನ್ನು. ಫ್ಲ್ಯಾಶು ನೆಲದ ಮೇಲೆ ಉರುಳಾಡಿ ನಗುತ್ತಿದ್ದಳು.

ನಗದೇ ಉಳಿದವರು ಮಾವ. ಅವರು ಜೋಕು ಹೇಳಿ ಹೆಂಡತಿಯ ಹಣೆ ನೋಡಿದರು, ಉತ್ತರ ಬರಲಿಲ್ಲ. ರಿಪೇರಿ ಮಾಡಿ ಇನ್ನೊಮ್ಮೆ ಹೇಳಿದರು, ಬರಲಿಲ್ಲ. ಉಪ್ಪು ಜಾಸ್ತಿ ಆಯ್ತಾ ಅಂತ ಕೇಳಿದರು. ಹೊರಗೆ ಹೋಗಿ ಬರ್ಲಾ ಅಂತ ಕೇಳಿದರು. ಅತ್ತೆ ಗಟ್ಟಿಯಾಗಿ ಹೇಳಿದ್ದು ಅವರಿಗೆ ಗುಂಯ್ ಎಂದಷ್ಟೇ ಕೇಳುತ್ತಿತ್ತು. ಕಿವಿಯ ಮಷೀನು ಹಾಕಿಕೊಂಡರು. ಚಮಚ ತಟ್ಟೆಗೆ ತಾಗಿದ ಸದ್ದಿಗೆ ಬೆಚ್ಚಿ ಕಿತ್ತಿಟ್ಟರು. ಕೊನೆಗೊಂದು ದಿನ ಊಟದ ನಡುವೆ ಮೆಲ್ಲಗೆ, ಎಲ್ಲರಿಗೂ ಕೇಳುವಂತೆ, ತಮಗೆ ಮಾತ್ರ ಕೇಳದಂತೆ ಅಂದರು:

"ನನ್ನ ಮೇಲೆ ಬೇಜಾರಾಗಿದ್ದರೆ ಹೇಳೇ. ಹೀಗೆ ಯಾರೋ ಗುರುತಿಲ್ಲದೋಳ ಥರ ಕೂರಬೇಡ."

ಅತ್ತೆ ತುತ್ತು ಕೈಯಲ್ಲೇ ಹಿಡಿದುಕೊಂಡು ಮಾವನನ್ನು ನೋಡಿದರು. ಹಣೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸೊಸೆ ನೀರು ತರುವ ನೆಪದಲ್ಲಿ ಎದ್ದು ಹೋದಳು.

ಅದಾದ ಮೇಲೆ ಹೊಸ ಹಣೆಯ ಹೊಸ ಫೋಟೋ ಹಾಕಬೇಕೆಂದು ಗಾಜಿನೊಳಗಿನ ಹಳೆಯ ಚಿತ್ರವನ್ನು ಇಳಿಸಿದಾಗ ಫ್ಲ್ಯಾಶು ಮಿಂಚಿದಳು. ಅಜ್ಜಿ, ಇದರಲ್ಲಿ ಅಮ್ಮ ಗೆರೆ ಜಾಸ್ತಿ ಮಾಡಿದ್ದು, ನೀವು ಶಾರ್ಪಾಗಿ ಕೇಳಿದ್ರಂತಲ್ಲ ಅಂದಳು. ಅತ್ತೆ ಮೊಮ್ಮಗಳ ಕೈಯಲ್ಲೇ ಕಂಪ್ಯೂಟರ್ ತೆರೆಸಿ, ಮಗ ತೆಗೆದ ಮೂಲ ಚಿತ್ರವನ್ನೂ ಸೊಸೆ ತಿದ್ದಿದ್ದನ್ನೂ ಪಕ್ಕಪಕ್ಕ ಇಡಿಸಿ, ಅವಳನ್ನು ಮೇಲೆ ಕಳಿಸಿ, ಸೊಸೆಯನ್ನು ಕರೆದರು.

"ಇದು ನಾನು," ಅಂದರು ಪರದೆಯ ಮೇಲೆ ಬೆರಳಿಟ್ಟು. "ಇದು ನೀನು ಮಾಡಿದ ನಾನು."

ಸೊಸೆ ತಪ್ಪಿಸಿಕೊಳ್ಳಲು ನೋಡಲಿಲ್ಲ. "ಡ್ರೈವರ್ ಫೋಟೋ ನಾನು ತೆಗೆದದ್ದು ಅತ್ತೆ. ಅದನ್ನ ನೀವು ಮಗನ ಹೆಸರಿಗೆ ಬರೆದ್ರಿ. ನಾನು ನಿಮ್ಮ ಹಣೆಗೆ ಬರೆದೆ."

"ಅಷ್ಟಕ್ಕೆ ನನ್ನ ಮುಖ ಕಿತ್ಕೊಂಡ್ಯಾ?"

"ನನ್ನ ಕೈ ಕಟ್ಟಿಹಾಕಿದ್ದು ಅಷ್ಟೇ ಅಂತೀರಾ?"

ಅತ್ತೆ ಬಹುಶಃ ಕೆಂಡಾಮಂಡಲವಾಗಿದ್ದರು. ಅಥವಾ ಅಳು ಬಂದಿತ್ತೇನೋ. ಹಣೆ ನೋಡಿ ಹೇಳುವಂತಿರಲಿಲ್ಲ. ಸೊಸೆಗೆ ಮೊದಲ ಸಲ ಆ ಮುಖ ನೋಡಿ ಹೆದರಿಕೆಯಾಯಿತು; ಹುಬ್ಬು ಎದ್ದಿದ್ದರೆ ಎಷ್ಟು ಹೆದರಬೇಕೆಂದಾದರೂ ಗೊತ್ತಾಗುತ್ತಿತ್ತು.

"ಕ್ಯಾಮೆರಾ ನೀನೇ ಇಟ್ಕೋ," ಅಂದರು ಅತ್ತೆ. "ಹೆಸರೂ ನಿಂದೇ ಹಾಕ್ಕೋ. ನನ್ನ ಮಗನಿಗೆ ನಾನು ಹೇಳ್ತೀನಿ. ಆದ್ರೆ ಒಂದು ಮಾತು. ನೀನು ನನ್ನ ಹುಬ್ಬು ತುಂಬಾ ಚೆನ್ನಾಗಿ ಮಾಡ್ತೀಯಂತೆ."

"ಯಾರು ಹೇಳಿದ್ರು?"

"ನಿನ್ನ ಮಗಳು. ಅವಳು ಏನು ತಾನೇ ಹೇಳಲ್ಲ? ಊಟಕ್ಕೆ ಕೂತಾಗ ನಾನು ಹೇಳ್ತೀನಿ, ನೀನು ನನ್ನ ಹಾಗೇ ಮಾಡಿ ನಿಮ್ಮ ಮಾವನಿಗೆ ತೋರಿಸ್ಬೇಕು. ಒಂದು ಊಟ ತಪ್ಪಿದ್ರೂ ಕ್ಯಾಮೆರಾ ವಾಪಸ್."

ಮಗಳೇ ಮಾಡಲಿ ಅಂದಳು ಸೊಸೆ. ಅವಳು ಮಾಡಿದರೆ ಆಟ ಆಗುತ್ತೆ, ನೀನು ಮಾಡಿದರೆ ಕೆಲಸ ಆಗುತ್ತೆ ಅಂದರು ಅತ್ತೆ.

ಹೀಗೆ ಆ ಮೇಜಿನ ಮೇಲೆ ಹುಬ್ಬು ಮತ್ತೆ ಎದ್ದಿತು, ಒಂದು ಕುರ್ಚಿ ಈಚೆಗೆ ಸರಿದು. ಮೊದಲ ದಿನ ಸೊಸೆ ನಾಚಿಕೊಂಡೇ ಎತ್ತಿದಳು. ಮಾವ ತಟ್ಟೆಯಿಂದ ತಲೆ ಎತ್ತಿ ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಕೆಟ್ಟುಹೋಗಿದ್ದ ರೇಡಿಯೋದಲ್ಲಿ ಸ್ಟೇಷನ್ ಸಿಕ್ಕವರಂತೆ ಮುಖ ಅರಳಿತು. ಕೂಡಲೇ ಹಿಂದಿನ ಜೋಕುಗಳನ್ನೆಲ್ಲ ವಸೂಲಿಗೆ ತೆಗೆದರು. ಫ್ಲ್ಯಾಶು ತೀರ್ಪುಗಾರಳಂತೆ ಅಮ್ಮನಿಗೆ ಅಂಕ ಕೊಟ್ಟಳು.

ಅತ್ತೆಗೆ ಇದು ರುಚಿಸಿತು. ಯಾವತ್ತೂ ನಾಲ್ಕು ಮಾತು ಆಡದವರು ಈಗ ಊಟಕ್ಕೆ ಕೂತರೆ ಮಾತಿನ ಮೂಟೆ ಬಿಚ್ಚುತ್ತಿದ್ದರು. ಇವಳು ತರಕಾರಿ ಹಸಿಹಸಿ ಇಟ್ಟಿದ್ದಾಳೆ ಅಂತ ಹೇಳು. ಇವಳ ತವರಿನವರು ಫೋನ್ ಇಡೋದೇ ಇಲ್ಲ ಅಂತ ಹೇಳು. ಇವಳಿಗೆ ಕ್ಯಾಮೆರಾ ಕೊಟ್ಟಾಗಿನಿಂದ ನೆಲ ಒರೆಸೋರಿಲ್ಲ ಅಂತ ಹೇಳು. ಸೊಸೆ ತನ್ನ ಬೈಗುಳವನ್ನು ತಾನೇ ತನ್ನ ಹಣೆಯ ಮೇಲೆ ಗಂಟಿಕ್ಕಿ ತೋರಿಸಬೇಕು, ಮಾವ ಹೌದು ಹೌದು ಎಂದು ತಲೆಯಾಡಿಸಬೇಕು, ಗಂಡ ತಟ್ಟೆಯೊಳಗೆ ಮುಖ ಹುದುಗಿಸಿ ನಗಬೇಕು.

ಸೊಸೆ ಎಷ್ಟು ದಿನ ಸಹಿಸಿಯಾಳು? ದುಭಾಷಿಯ ಕೈಯಲ್ಲಿ ಇಬ್ಬರ ಜುಟ್ಟೂ ಇರುತ್ತದೆ ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು. ಮಾವ ಒಂದು ದಿನ ತಮ್ಮ ಅಕ್ಕನ ಮನೆಗೆ ಹೋಗಿಬರ್ಲಾ ಅಂತ ಕೇಳಿದರು. ಆ ಅಕ್ಕನ ಹೆಸರೆತ್ತಿದರೆ ಅತ್ತೆಗೆ ತಲೆನೋವು ಬರುತ್ತಿತ್ತು.

"ಬೇಡವೇ ಬೇಡ ಅಂತ ಹೇಳು," ಅಂದರು ಅತ್ತೆ.

ಸೊಸೆ ಗಂಟಿಕ್ಕಲಿಲ್ಲ. ಎಡ ಹುಬ್ಬನ್ನು ನಿಧಾನವಾಗಿ, ತುಂಬು ಪ್ರೀತಿಯಿಂದ ಎತ್ತಿದಳು. ಆಗಲಿ, ಆರಾಮಾಗಿ ಹೋಗಿಬನ್ನಿ. ಅತ್ತೆ ಪಕ್ಕದ ಕುರ್ಚಿಯಲ್ಲಿದ್ದವರು; ಸೊಸೆಯ ಹಣೆ ಅವರಿಗೆ ಕಾಣುವಂತಿರಲಿಲ್ಲ. ಮಾವ ಹೋದರು. ಹೋದವರು ಸುಮ್ಮನೆ ಬರಲಿಲ್ಲ, ಅಕ್ಕನನ್ನೂ ಅವರ ಸೂಟ್‌ಕೇಸನ್ನೂ ಕರೆದುಕೊಂಡು ಬಂದರು. ಅಕ್ಕ ಒಂದು ವಾರ ಸೋಫಾದ ಮೇಲೆ ಕಾಲು ಚಾಚಿ ಕೂತು, ಏನೇ ನಿನ್ನ ಹಣೆ ಡ್ರೈಕ್ಲೀನಿಂಗಿಗೆ ಕೊಟ್ಟಿದ್ಯಾ ಎಂದು ದಿನಾ ಕೇಳಿದರು. ಹೊರಡಿ ಎಂದು ಅತ್ತೆಯ ಮುಖ ಹೇಳಲಾರದು. ಆ ಮುಖ ಇಪ್ಪತ್ನಾಲ್ಕು ಗಂಟೆಯೂ ಬನ್ನಿ ಬನ್ನಿ ಅನ್ನುತ್ತಿತ್ತು. ಸೊಸೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ನಕ್ಕು ಕಣ್ಣೀರು ಒರೆಸಿಕೊಂಡಳು.

ಅಕ್ಕ ಹೊರಟ ಮರುದಿನ ಸೊಸೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ಮಾವ ಬಂದು ಕ್ಲಿಪ್ಪು ಕೊಡುತ್ತ ನಿಂತರು.

"ಅವಳು ಬೇಡ ಅಂದಿದ್ಲು, ಅಲ್ವಾ ಮಗಳೇ?"

ಸೊಸೆಯ ಕೈ ನಿಂತಿತು.

"ಅಕ್ಕ ಇದ್ದಷ್ಟು ದಿನವೂ ಅವಳು ಸರಿಯಾಗಿ ಕಾಫಿ ಕುಡೀಲಿಲ್ಲ. ಲೋಟ ಹಾಗೇ ಆರೋಗ್ತಿತ್ತು. ಆಗ ಗೊತ್ತಾಯ್ತು." ಮಾವ ಒದ್ದೆ ಅಂಗಿಯ ಕಾಲರನ್ನು ಕೊಡವಿ ತಂತಿಗೆ ಹಾಕಿದರು. "ಅವಳ ಹುಬ್ಬು ನನ್ನನ್ನ ಜೀವಮಾನವೆಲ್ಲ ಬೈದಿದೆ. ಒಂದು ಸಲಾನೂ ಸುಳ್ಳು ಹೇಳಿಲ್ಲ. ನೀನು ಹೇಳಿಸಿಬಿಟ್ಟೆ."

ಬೆಳಕು ಓದುವುದನ್ನು ಕಲಿಸಿದ ಮನುಷ್ಯ. ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಮೇಲೆ ಇಲ್ಲ ಮಾವ ಎಂದು ಬಾಯಲ್ಲಿ ಹೇಳಿದಳು, ಅವರಿಗೆ ಕೇಳಲಿಲ್ಲ. ಅವರ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅದು ತಿಳಿಯಿತು.

ಅವತ್ತಿನಿಂದ ಅವಳು ಅತ್ತೆಯ ಒಂದೊಂದು ಮಾತನ್ನೂ ಇದ್ದದ್ದು ಇದ್ದ ಹಾಗೆ ದಾಟಿಸಿದಳು. ಹಸಿ ತರಕಾರಿಯನ್ನೂ, ಒರೆಸದ ನೆಲವನ್ನೂ. ಕೆಳಗೆ ಕ್ಯಾಮೆರಾ ಅವಳದೇ ಆಗಿತ್ತು. ಗಾಜಿನೊಳಗಿನ ಚಿತ್ರಗಳ ಕೆಳಗೆ ಅವಳ ಹೆಸರಿತ್ತು. ಡ್ರೈವರನ ಮಗಳ ಮದುವೆಗೆ ಅವಳೇ ಹೋಗಿಬಂದಿದ್ದಳು. ಮೇಲೆ ದಿನಕ್ಕೆರಡು ಹೊತ್ತು ಅತ್ತೆಯಾಗುವುದು ತಪ್ಪಲಿಲ್ಲ. ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗೆರೆ ಕಂಡಿತು. ಉಜ್ಜಿದಳು, ಹೋಗಲಿಲ್ಲ. ಕಂಪ್ಯೂಟರಿನಲ್ಲಾಗಿದ್ದರೆ ಒಂದು ಗಳಿಗೆಯ ಕೆಲಸ.

ಆದರೂ ಅವಳಿಗೆ ಒಂದು ಧೈರ್ಯವಿತ್ತು. ಡಾಕ್ಟರಮ್ಮ ಹೇಳಿದ ತಿಂಗಳುಗಳು ಮುಗಿಯುತ್ತ ಬಂದಿದ್ದವು. ಒಂದು ಮಧ್ಯಾಹ್ನ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಎಡ ಹುಬ್ಬು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಮಿಸುಕಿದ್ದನ್ನು ಅವಳ ಟಚಿಂಗ್ ಕಣ್ಣು ಕಂಡಿತು. ಹುಬ್ಬು ಬರುತ್ತಿದೆ. ಬರಲಿ, ಬಂದು ಬೈಯಲಿ, ಎಷ್ಟು ಬೇಕಾದರೂ ಏರಲಿ; ಅದರ ಮಾತು ಅದೇ ಆಡಿಕೊಳ್ಳಲಿ. ಅವಳು ಆ ವಾರ ದೀಪಗಳನ್ನು ಒರೆಸುತ್ತ, ಬೆಕ್ಕಿನ ಕೂಗು, ಆಟೋದ ಕೆಮ್ಮು ಎಲ್ಲ ಹಾಕುತ್ತ ಹಗುರಾಗಿ ಓಡಾಡಿದಳು.

ಅದನ್ನು ಅತ್ತೆಯೂ ಕಂಡಿದ್ದರು. ಹುಬ್ಬು ಮಿಸುಕಿದ್ದನ್ನೂ, ಸೊಸೆ ಹಗುರಾಗಿದ್ದನ್ನೂ.

ಮುಂದಿನ ವಾರ ಅವರು ಯಾರಿಗೂ ಹೇಳದೆ ಎಲ್ಲೋ ಹೋಗಿ ಬಂದರು. ಬಂದವರು ಮಧ್ಯಾಹ್ನದ ನಿದ್ದೆ ಮಾಡಲಿಲ್ಲ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಹಣೆ ತುರಿಸಿದರೂ ಮುಟ್ಟಿಕೊಳ್ಳಲಿಲ್ಲ. ಹಣೆಯ ಮೇಲೆ ಅಲ್ಲಲ್ಲಿ ಸೊಳ್ಳೆ ಕಚ್ಚಿದಷ್ಟು ಕೆಂಪು. ಸೊಸೆ ಅದನ್ನು ಕಂಡದ್ದು ಊಟಕ್ಕೆ ಬಡಿಸಲು ಬಗ್ಗಿದಾಗ. ಸೌಟು ಅನ್ನದ ಪಾತ್ರೆಯಲ್ಲೇ ನಿಂತಿತು.

"ಕೂತ್ಕೋ," ಅಂದರು ಅತ್ತೆ. "ಅವರಿಗೆ ಒಂದು ವಿಷಯ ಹೇಳೋದಿದೆ."

ಸೊಸೆ ಮಾವನ ಎದುರಿನ ತನ್ನ ಕುರ್ಚಿಯಲ್ಲಿ ಕೂತಳು. ಮಾವ ಆಸೆಯಿಂದ ಅವಳ ಹಣೆ ನೋಡಿದರು.

"ಇವತ್ತು ಮತ್ತೆ ಚುಚ್ಚಿಸ್ಕೊಂಡು ಬಂದೆ, ಪೂರ್ತಿನೇ ಹಾಕಿಸ್ದೆ ಅಂತ ಹೇಳು. ಇನ್ನು ಮೇಲೂ ತಪ್ಪದೆ ಹೋಗ್ತಾ ಇರ್ತೀನಿ ಅಂತ ಹೇಳು."

"ಯಾಕೆ ಅತ್ತೆ?" ಅಂದಳು ಸೊಸೆ. "ವಾಪಸ್ ಬರ್ತಿತ್ತಲ್ಲ. ನೀವೇ ಮಾತಾಡಬಹುದಿತ್ತಲ್ಲ ಅವರ ಹತ್ರ."

"ನಾನು ಮಾತಾಡಿದ್ರೆ ನೀನೇನು ಮಾಡ್ತೀಯಾ? ಆರಾಮಾಗಿ ಊಟ ಮಾಡ್ತೀಯಾ." ಅತ್ತೆ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. "ಅದೆಲ್ಲ ಆಮೇಲೆ ಹೇಳಿದ್ರಾಯ್ತು. ಮೊದಲು ನನಗೆ ತುಂಬಾ ಖುಷಿಯಾಗಿದೆ ಅಂತ ಹೇಳು. ಸುಳ್ಳು ಹೇಳಬೇಡ ಮತ್ತೆ. ನಿಜವಾಗ್ಲೂ ಆಗಿದೆ."

ಗಂಡ ನಗಲಿಲ್ಲ. ಫ್ಲ್ಯಾಶು ಅಂಕ ಕೊಡಲು ಎತ್ತಿದ ಬೆರಳುಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಅತ್ತೆಗೆ ನಿಜವಾಗಿ ಖುಷಿಯಾದಾಗ ಎರಡು ಹುಬ್ಬೂ ಮೆಲ್ಲಗೆ ಮೇಲೆದ್ದು, ಹಣೆಯ ತುಂಬ ಗೆರೆಗಳು ಒಂದರ ಹಿಂದೊಂದು ನಗುತ್ತ ಹೊರಟಂತಾಗುತ್ತಿದ್ದದ್ದನ್ನು ಸೊಸೆ ಇಷ್ಟು ವರ್ಷಗಳಲ್ಲಿ ಅಪರೂಪಕ್ಕೆ ನೋಡಿದ್ದಳು. ಒಂದು ಸಲ ಮಗಳು ಹುಟ್ಟಿದಾಗ. ಅವಳು ಕಣ್ಣು ಮುಚ್ಚಿ ಅದನ್ನು ನೆನಪಿಸಿಕೊಂಡಳು. ಕಣ್ಣು ತೆರೆದು, ಒಂದಿಷ್ಟೂ ಕಡಿಮೆ ಮಾಡದೆ, ಒಂದಿಷ್ಟೂ ಹೆಚ್ಚು ಮಾಡದೆ, ಎರಡು ಹುಬ್ಬನ್ನೂ ಎತ್ತಿದಳು.

ಮಾವ ಸೊಸೆಯ ಹಣೆ ನೋಡಿದರು. ನೋಡಿ, ಎಡಗೈ ಚಾಚಿ ಹೆಂಡತಿಯ ಕೈ ಹಿಡಿದುಕೊಂಡರು.